ಪಂಚಾಯಿತಿ, ಪುರಸಭೆಗಳ ವಾಟ್ಸಾಪ್ ಮತ್ತು ಫೇಸ್‌ಬುಕ್: ಕೋಲಾರ, ಚಿಕ್ಕಬಳ್ಳಾಪುರ ಭಾಗದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ಕಾರ್ಯದರ್ಶಿ, ಬಿಲ್ ಕಲೆಕ್ಟರ್, ಡಾಟಾ ಎಂಟ್ರಿ ಆಪರೇಟರ್, ಸದಸ್ಯರು ಮತ್ತು ಪುರಸಭೆ, ನಗರಸಭೆಗಳಲ್ಲಿ ಈ ಕೆಲಸ ತಲೆಗೆ ಬಿದ್ದವರು ಕೇಳುವ ಪ್ರಶ್ನೆಗಳು ಇಲ್ಲಿವೆ.

ಟಾಂಟಾಂ ಹೊಡೆಸುತ್ತೇವೆ, ಕಸದ ಗಾಡಿಗೆ ಮೈಕ್ ಇದೆ. ಇದರ ಮೇಲೆ ವಾಟ್ಸಾಪ್ ಯಾಕೆ?

ಅವೆರಡನ್ನೂ ಬಿಡಬೇಡಿ. ಆದರೆ ಮೈಕ್ ಬೀದಿಗೆ ಬಂದಾಗ ತೋಟದಲ್ಲಿದ್ದವರಿಗೆ ಅದು ಕೇಳಿಸುವುದಿಲ್ಲ. ಬೆಳಗಿನ ಜಾವವೇ ಟೊಮೆಟೊ ಕ್ರೇಟ್ ಹೇರಿಕೊಂಡು ಕೋಲಾರದ ಮಂಡಿಗೆ ಹೋದವರಿಗೂ, ನರಸಾಪುರ, ಮಾಲೂರಿನ ಫ್ಯಾಕ್ಟರಿ ಬಸ್ ಹತ್ತಿದವರಿಗೂ ಕೇಳಿಸುವುದಿಲ್ಲ. ಕೇಳಿಸಿಕೊಂಡವರಿಗೂ ತಿರುಗಿ ಪ್ರಶ್ನೆ ಹಾಕಲು ಅಲ್ಲಿ ಯಾರೂ ಇರುವುದಿಲ್ಲ. ಪಂಚಾಯಿತಿಗೆ ಬರುವ ಫೋನ್‌ಗಳಲ್ಲಿ ಬಹುಪಾಲು ಮೂರೇ ಮಾತು: ನೀರು ಯಾವಾಗ ಬಿಡ್ತೀರಿ, ಲೈಟ್ ಯಾವಾಗ ಹಾಕ್ತೀರಿ, ಖಾತೆ ಏನಾಯ್ತು. ಮೊದಲ ಎರಡಕ್ಕೆ ಎಲ್ಲರಿಗೂ ಒಂದೇ ಸಲ ಉತ್ತರ ಹೇಳಬಹುದು. ಅಷ್ಟು ಮಾಡಿದರೂ ನೀರು ಬಿಡುವ ನೀರುಗಂಟಿಯ ಫೋನ್ ಅರ್ಧ ತಣ್ಣಗಾಗುತ್ತದೆ.

ಯಾವುದರಿಂದ ಶುರು ಮಾಡಬೇಕು? ಗ್ರೂಪ್, ಚಾನೆಲ್, ಬ್ರಾಡ್‌ಕಾಸ್ಟ್, ಫೇಸ್‌ಬುಕ್ ಪೇಜ್?

ವಾಟ್ಸಾಪ್ ಒಂದರಿಂದ. ಅದು ಆರು ತಿಂಗಳು ನಿಲ್ಲದೆ ನಡೆದ ಮೇಲೆ ಫೇಸ್‌ಬುಕ್. ನಾಲ್ಕೂ ಒಟ್ಟಿಗೆ ಶುರು ಮಾಡಿದ ಕಡೆ ನಾಲ್ಕೂ ಮೂರನೇ ತಿಂಗಳಿಗೆ ನಿಂತಿರುತ್ತವೆ. ನಿಂತುಹೋದ ಪೇಜ್ ಇಲ್ಲದಿರುವುದಕ್ಕಿಂತ ಕೆಟ್ಟದ್ದು, ಜನ ಅಲ್ಲಿ ದೂರು ಬರೆದು ಉತ್ತರಕ್ಕೆ ಕಾಯುತ್ತಾ ಕೂರುತ್ತಾರೆ.

ಈಗ ಲೆಕ್ಕ. ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಒಂದು ಗ್ರಾಮ ಪಂಚಾಯಿತಿಗೆ ಸಾಮಾನ್ಯವಾಗಿ 5,000ದಿಂದ 7,000 ಜನಸಂಖ್ಯೆ. ಮನೆಗೆ ನಾಲ್ಕೈದು ಜನ ಎಂದಿಟ್ಟುಕೊಂಡರೆ 6,000 ಜನಕ್ಕೆ 1,200ರಿಂದ 1,500 ಮನೆ. ವಾಟ್ಸಾಪ್ ಗ್ರೂಪಿನ ಮಿತಿ 1,024 ಜನ. ಮನೆಗೊಬ್ಬರಂತೆ ಸೇರಿಸಿದರೂ ಇಡೀ ಪಂಚಾಯಿತಿ ಒಂದು ಗ್ರೂಪಿನಲ್ಲಿ ಹಿಡಿಸುವುದಿಲ್ಲ. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು: ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳು ಪಂಚಾಯಿತಿ ಗ್ರೂಪಿಗೆ ಸೇರಲು ಹಿಂಜರಿಯುವುದು ಇದಕ್ಕೇ. ನೀರಿನ ವಿಷಯ ಮೊದಲು ಗೊತ್ತಾಗಬೇಕಾದ್ದೂ ಅವರಿಗೇ.

ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಒಂದೇ ಸಂದೇಶ ಒಬ್ಬೊಬ್ಬರಿಗೂ ಬೇರೆಯಾಗಿ ಹೋಗುತ್ತದೆ, ನಂಬರ್ ಬಯಲಾಗುವುದಿಲ್ಲ, ಆದರೆ ಒಂದು ಪಟ್ಟಿಗೆ 256 ಜನ ಮಾತ್ರ. ಅದರಲ್ಲೂ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗಷ್ಟೇ ಸಂದೇಶ ಮುಟ್ಟುತ್ತದೆ. "ಕಳಿಸಿದ್ದೀವಿ, ಯಾರಿಗೂ ಬಂದಿಲ್ಲ ಅಂತಾರೆ" ಎನ್ನುವ ದೂರಿಗೆ ಹತ್ತರಲ್ಲಿ ಒಂಬತ್ತು ಸಲ ಇದೇ ಕಾರಣ.

ಪ್ರಕಟಣೆಗೆ ಹೊಂದುವುದು ವಾಟ್ಸಾಪ್ ಚಾನೆಲ್. 2023ರ ಸೆಪ್ಟೆಂಬರ್‌ನಿಂದ ನಮ್ಮಲ್ಲಿ ಸಿಗುತ್ತಿದೆ. ಗ್ರೂಪಿನಂತೆ ಸಾವಿರಕ್ಕೆ ಮಿತಿಯಿಲ್ಲ, ಸೇರಿದವರ ನಂಬರ್ ಇತರ ಅನುಯಾಯಿಗಳಿಗೆ ಕಾಣುವುದಿಲ್ಲ, ಗುಡ್ ಮಾರ್ನಿಂಗ್ ಹೂವಿನ ಚಿತ್ರ ಹಾಕಲು ಯಾರಿಗೂ ಆಗುವುದಿಲ್ಲ. ಆದರೆ ಚಾನೆಲ್‌ಗೆ ಜನ ತಿರುಗಿ ಬರೆಯಲೂ ಆಗುವುದಿಲ್ಲ. ಹಾಗಾಗಿ ಜೋಡಿ ಬೇಕು: ಹೇಳಲು ಚಾನೆಲ್, ದೂರು ತೆಗೆದುಕೊಳ್ಳಲು ವಾಟ್ಸಾಪ್ ಬಿಸಿನೆಸ್ ಹಾಕಿದ ಒಂದು ನಂಬರ್. ಬಿಸಿನೆಸ್ ಆ್ಯಪ್ ಉಚಿತ. ಚುಟುಕು ಉತ್ತರಗಳನ್ನು ಮೊದಲೇ ಬರೆದಿಡಬಹುದು, ಚಾಟ್‌ಗಳಿಗೆ ಬಣ್ಣದ ಲೇಬಲ್ ಅಂಟಿಸಬಹುದು, ಕಚೇರಿ ಮುಚ್ಚಿದ ಮೇಲೆ ತಾನೇ ಉತ್ತರ ಹೋಗುವಂತೆ ಇಡಬಹುದು.

ಚಾನೆಲ್‌ನ ಕ್ಯೂಆರ್ ಕೋಡನ್ನು ಎ4 ಹಾಳೆಯಲ್ಲಿ ದೊಡ್ಡದಾಗಿ ಮುದ್ರಿಸಿ ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿ, ಅಂಗನವಾಡಿ, ಶುದ್ಧ ನೀರಿನ ಘಟಕದ ಗೋಡೆಗೆ ಅಂಟಿಸಿ. ಪಂಚಾಯಿತಿ ಕಚೇರಿಯೊಳಗೆ ಅಂಟಿಸಿದ್ದು ಸಿಬ್ಬಂದಿಗೆ ಮಾತ್ರ ಕಾಣುತ್ತದೆ.

ನಂಬರ್ ಯಾರ ಹೆಸರಿನಲ್ಲಿರಬೇಕು?

ಕಚೇರಿಯ ಹೆಸರಿನಲ್ಲಿ. ಈ ಪುಟದಲ್ಲಿ ಒಂದೇ ಒಂದು ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ.

ಆಪರೇಟರ್ ಹುಡುಗ ತನ್ನದೇ ಸಿಮ್‌ನಲ್ಲಿ ಉತ್ಸಾಹದಿಂದ ಶುರು ಮಾಡುತ್ತಾನೆ, ಚೆನ್ನಾಗಿ ನಡೆಯುತ್ತದೆ, ಎರಡು ವರ್ಷದ ಮೇಲೆ ಕೆಲಸ ಬಿಟ್ಟು ಹೋಗುತ್ತಾನೆ. ಸಿಮ್ ಅವನದು, ಡೂಪ್ಲಿಕೇಟ್ ಸಿಮ್ ಕೂಡ ಅವನಿಗೇ ಸಿಗುವುದು. ಎಂಟುನೂರು ಮನೆಯ ಸಂಪರ್ಕ ಅವನ ಜೇಬಿನಲ್ಲಿ ಹೋಯಿತು. ಸಂಸ್ಥೆಯ ಹೆಸರಿನಲ್ಲಿ ಸಿಮ್ ತೆಗೆದುಕೊಂಡು, ಅದನ್ನು ಕಚೇರಿಯ ಫೋನಿಗೆ ಹಾಕಿ. ಆ ಫೋನ್ ಸ್ಟಾಕ್ ರಿಜಿಸ್ಟರಿಗೆ ಹತ್ತಬೇಕು.

ವಾಟ್ಸಾಪ್‌ನ ಸೆಟ್ಟಿಂಗ್ಸ್‌ನಲ್ಲಿ 'ಎರಡು ಹಂತದ ಪರಿಶೀಲನೆ' ಚಾಲೂ ಮಾಡಿ 6 ಅಂಕಿಯ ಪಿನ್ ಹಾಕಿ, ಜೊತೆಗೆ ಕಚೇರಿಯ ಇಮೇಲ್ ಕೊಡಿ. ಇಮೇಲ್ ಕೊಡದೆ ಪಿನ್ ಮರೆತರೆ ಹೊಸ ಫೋನಿನಲ್ಲಿ ಖಾತೆ ತೆರೆಯಲು 7 ದಿನ ಕಾಯಬೇಕಾಗುತ್ತದೆ, ಬೇಸಿಗೆಯಲ್ಲಿ ಏಳು ದಿನ ಎಂದರೆ ಏನೆಂದು ಹೇಳಬೇಕಿಲ್ಲ. ಕಂಪ್ಯೂಟರಿಗೆ ಜೋಡಿಸಿಕೊಂಡಿದ್ದರೂ ಮೂಲ ಫೋನನ್ನು ಆಗಾಗ ತೆರೆಯುತ್ತಿರಿ, 14 ದಿನ ಮುಟ್ಟದಿದ್ದರೆ ಜೋಡಣೆ ತಾನೇ ಕಳಚಿಕೊಳ್ಳುತ್ತದೆ. ರೀಚಾರ್ಜ್ ಮರೆತು ಸಿಮ್ ರದ್ದಾದರೆ ಆ ನಂಬರ್ ಬೇರೆಯವರಿಗೆ ಹೋಗುತ್ತದೆ. ಪಂಚಾಯಿತಿಗೆ ಬರಬೇಕಾದ ದೂರುಗಳು ಯಾರೋ ಅಪರಿಚಿತರ ಫೋನಿಗೆ ಬೀಳತೊಡಗುತ್ತವೆ.

ವರ್ಗಾವಣೆಯಾದಾಗ ಚಾರ್ಜ್ ಪಟ್ಟಿಯಲ್ಲಿ ಬೀಗದ ಕೈ, ಚೆಕ್ ಪುಸ್ತಕ, ಡಿಜಿಟಲ್ ಸಹಿ ಬರೆಯುವ ಜಾಗದಲ್ಲೇ ಸಿಮ್, ಫೋನ್, ಪಿನ್, ಇಮೇಲ್ ಪಾಸ್‌ವರ್ಡ್, ಫೇಸ್‌ಬುಕ್ ಪೇಜಿನ ಅಧಿಕಾರವನ್ನೂ ಬರೆಯಿರಿ. ಪಾಸ್‌ವರ್ಡ್ ಇರುವ ಚೀಟಿ ಮುಚ್ಚಿದ ಲಕೋಟೆಯಲ್ಲಿರಲಿ, ಮತ್ತು ಹೊಸಬರು ಬಂದ ದಿನವೇ ಬದಲಾಗಲಿ.

ಫೇಸ್‌ಬುಕ್ ಪೇಜ್ ಹಳೆಯ ಅಧಿಕಾರಿಯ ಕೈಯಲ್ಲೇ ಉಳಿದಿದೆ. ಏನು ಮಾಡೋದು?

ಮೊದಲು ಅವರಿಗೇ ಫೋನ್ ಮಾಡಿ. ಎಷ್ಟೋ ಸಲ ಅವರಿಗೂ ಅದು ಮರೆತೇ ಹೋಗಿರುತ್ತದೆ. ಪೇಜಿನ ಸೆಟ್ಟಿಂಗ್ಸ್‌ನಲ್ಲಿ ನಿಮಗೆ ಪೂರ್ಣ ಅಧಿಕಾರ ಕೊಟ್ಟು ತಾವು ಹೊರಬೀಳಲು ಐದು ನಿಮಿಷ ಸಾಕು. ಅದು ಪೇಜ್ ಅಲ್ಲದೆ ವೈಯಕ್ತಿಕ ಪ್ರೊಫೈಲ್ ಆಗಿದ್ದರೆ ಅದರ ಗೊಡವೆ ಬಿಟ್ಟು ಹೊಸ ಪೇಜ್ ಮಾಡಿ. ಪ್ರೊಫೈಲಿಗೆ 5,000 ಸ್ನೇಹಿತರ ಮಿತಿ ಇದೆ, ಇನ್ನೊಬ್ಬರಿಗೆ ಅಧಿಕಾರ ಹಂಚಲೂ ಬರುವುದಿಲ್ಲ. ಹೊಸ ಪೇಜಿಗೆ ಪೂರ್ಣ ಅಧಿಕಾರದವರು ಕನಿಷ್ಠ ಇಬ್ಬರಿರಲಿ.

ನೀರಿನ ಸಂದೇಶ ಹೇಗೆ ಬರೆಯಬೇಕು?

ಸಾಮಾನ್ಯವಾಗಿ ಹೋಗುವ ಸಂದೇಶ ಇದು: "ಸಾರ್ವಜನಿಕರಲ್ಲಿ ವಿನಂತಿ, ತಾಂತ್ರಿಕ ಕಾರಣಗಳಿಂದ ನೀರು ಸರಬರಾಜಿನಲ್ಲಿ ವ್ಯತ್ಯಯ ಉಂಟಾಗಲಿದ್ದು ಸಹಕರಿಸಬೇಕಾಗಿ ಕೋರಿದೆ." ಯಾವ ಬೀದಿ? ಯಾವ ದಿನ? ಮತ್ತೆ ಯಾವಾಗ? ಒಂದಕ್ಕೂ ಉತ್ತರವಿಲ್ಲ. ಓದಿದ ನೂರು ಜನರಲ್ಲಿ ಐವತ್ತು ಜನ ಫೋನ್ ಮಾಡುತ್ತಾರೆ.

ಹೀಗೆ ಬರೆದು ನೋಡಿ:

"ವಾರ್ಡ್ 3, ಗಂಗಮ್ಮನ ಗುಡಿಯಿಂದ ಡೈರಿವರೆಗೆ: ಇಂದು, ಮಂಗಳವಾರ 12ನೇ ತಾರೀಖು, ನೀರು ಬರುವುದಿಲ್ಲ. ಬೋರ್ ಮೋಟಾರ್ ಸುಟ್ಟಿದೆ, ರಿವೈಂಡಿಂಗ್‌ಗೆ ಕೊಟ್ಟಿದೆ. ಗುರುವಾರ ಸಂಜೆ ಬಿಡುತ್ತೇವೆ. ಅಲ್ಲಿವರೆಗೆ ಟ್ಯಾಂಕರ್ ಸಂಜೆ 5ಕ್ಕೆ ಗುಡಿ ಮುಂದೆ, ಮನೆಗೆ 4 ಬಿಂದಿಗೆ. ಮುಂದಿನ ಸುದ್ದಿ ಬುಧವಾರ ಸಂಜೆ 7ಕ್ಕೆ."

ಬೀದಿ ಮೊದಲು ಬರಲಿ, ತನ್ನ ಬೀದಿಯಲ್ಲದವರು ಅಲ್ಲಿಗೇ ಓದು ಬಿಡಬಹುದು. "ನಾಳೆ" ಎಂದು ಬರೆಯಬೇಡಿ, ವಾರ ಮತ್ತು ತಾರೀಖು ಬರೆಯಿರಿ. ಫಾರ್ವರ್ಡ್ ಆಗಿ ಮೂರು ದಿನದ ಮೇಲೆ ಇನ್ನೊಬ್ಬರ ಕೈ ಸೇರಿದಾಗ ನಿಮ್ಮ "ನಾಳೆ" ಅವರ ನಾಳೆ ಆಗಿಬಿಡುತ್ತದೆ. ಕಾರಣವನ್ನು ಇದ್ದದ್ದು ಇದ್ದಂತೆ ಹೇಳಿ. ಸಾವಿರ ಅಡಿ ಬೋರ್‌ನಿಂದ ಪೈಪ್ ಎತ್ತಿ, ಮೋಟಾರ್ ಕಟ್ಟಿಸಿ, ಮತ್ತೆ ಇಳಿಸಲು ಎರಡು ದಿನ ಹಿಡಿಯುತ್ತದೆಂದು ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವರ ಸಿಟ್ಟು ಮೋಟಾರ್ ಸುಟ್ಟಿದ್ದಕ್ಕಲ್ಲ, "ಬೆಳಿಗ್ಗೆ ಬರುತ್ತೆ" ಎಂದು ಸುಳ್ಳು ಹೇಳಿದ್ದಕ್ಕೆ. ಗಡುವಿಗೆ ಅರ್ಧ ದಿನ ಹೆಚ್ಚೇ ಸೇರಿಸಿ.

ಬುಧವಾರ ಸಂಜೆ 7ಕ್ಕೆ ಹೊಸ ಸುದ್ದಿ ಇಲ್ಲದಿದ್ದರೂ "ಮೋಟಾರ್ ಇನ್ನೂ ಬಂದಿಲ್ಲ, ಗುರುವಾರದ ಮಾತಿನಲ್ಲಿ ಬದಲಾವಣೆ ಇಲ್ಲ" ಎಂದು ಹಾಕಲೇಬೇಕು.

ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಅಂಟಿಸಿದರೆ ಏನೇನೋ ಅಕ್ಷರ ಬರುತ್ತಲ್ಲ?

ಅದು ಹಳೆಯ ನುಡಿ ಫಾಂಟಿನ ಪಠ್ಯ. ಒಳಗಿರುವುದು ಇಂಗ್ಲಿಷ್ ಅಕ್ಷರ ಸಂಕೇತಗಳೇ, ಫಾಂಟ್ ಅದಕ್ಕೆ ಕನ್ನಡದ ವೇಷ ಹಾಕಿರುತ್ತದೆ. ಆ ಫಾಂಟ್ ಇಲ್ಲದ ಫೋನಿನಲ್ಲಿ ವೇಷ ಕಳಚುತ್ತದೆ. ಎಲ್ಲ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ನಲ್ಲಿ ಟೈಪ್ ಮಾಡಿ, ಇಲ್ಲವೇ ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಹಾಕಿ ತೆಗೆಯಿರಿ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಪರಿವರ್ತಕ ಎಡವುತ್ತದೆ, ಒಮ್ಮೆ ಓದಿ ಕಳಿಸಿ.

ಇದರಿಂದ ಬೇಸತ್ತು ಸುತ್ತೋಲೆಯ ಫೋಟೊ ತೆಗೆದು ಹಾಕುವ ಅಭ್ಯಾಸ ಬೆಳೆದಿದೆ. ವಾಟ್ಸಾಪ್ ಚಿತ್ರವನ್ನು ಕುಗ್ಗಿಸುತ್ತದೆ, ಎ4 ಹಾಳೆಯ ಸಣ್ಣಕ್ಷರ ಕಲಸಿಹೋಗುತ್ತದೆ. ಕಣ್ಣು ಕಾಣದವರ ಫೋನ್ ಪಠ್ಯವನ್ನು ಓದಿ ಹೇಳಬಲ್ಲದು, ಚಿತ್ರದೊಳಗಿನ ಸುತ್ತೋಲೆಯನ್ನು ಹಾಗೆ ನೆಟ್ಟಗೆ ಓದಲಾರದು. ಸುತ್ತೋಲೆ ಹಾಕಲೇಬೇಕಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಮೇಲೆ ನಾಲ್ಕು ಸಾಲಿನಲ್ಲಿ ಸಾರ ಬರೆಯಿರಿ. ಪೋಸ್ಟರ್ ಮಾಡುವುದಾದರೆ 1080ಕ್ಕೆ 1080 ಪಿಕ್ಸೆಲ್, ಹನ್ನೆರಡು ಪದ ಮೀರದಂತೆ. ನಾಯಕರ ಫೋಟೊ ಸಾಲಾಗಿ ಜೋಡಿಸಿದ ಮೇಲೆ ಹೇಗೂ ಪದಕ್ಕೆ ಜಾಗ ಉಳಿಯುವುದಿಲ್ಲ.

ಮನೆಮಾತು ತೆಲುಗು. ಕನ್ನಡದಲ್ಲೇ ಹಾಕಬೇಕಾ?

ಬರಹ ಕನ್ನಡದಲ್ಲೇ. ಬಾಗೇಪಲ್ಲಿ, ಗುಡಿಬಂಡೆ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಮನೆಯಲ್ಲಿ ತೆಲುಗಾಡುವವರಲ್ಲೂ ಹೆಚ್ಚಿನವರು ಶಾಲೆಯಲ್ಲಿ ಓದಿದ್ದು ಕನ್ನಡ. ಓದಲು ಬಾರದ ಹಿರಿಯರಿಗೆ ಧ್ವನಿ ಸಂದೇಶ ಕಳಿಸಿ. ನೀರುಗಂಟಿಯೇ ತನ್ನ ದನಿಯಲ್ಲಿ "ಈ ರೋಜು ನೀಳ್ಳು ರಾವು, ಗುರುವಾರಂ ಸಾಯಂತ್ರಂ ವಸ್ತಾಯಿ" ಎಂದರೆ ಸಾಕು, ಅರ್ಧ ನಿಮಿಷ ಮೀರಬಾರದು. ಕೆಜಿಎಫ್‌ನಲ್ಲಿ ಇದೇ ಕೆಲಸ ತಮಿಳಿನಲ್ಲಿ, ಕೋಲಾರ, ಚಿಂತಾಮಣಿಯ ಕೆಲವು ವಾರ್ಡುಗಳಲ್ಲಿ ಉರ್ದುವಿನಲ್ಲಿ.

ಕೀಪ್ಯಾಡ್ ಫೋನ್ ಇರುವವರಿಗೆ?

ಎಸ್ಸೆಮ್ಮೆಸ್ ಇದೆ, ಆದರೆ ಕನ್ನಡದಲ್ಲಿ ಒಂದು ಎಸ್ಸೆಮ್ಮೆಸ್‌ಗೆ 70 ಸಂಕೇತ ಮಾತ್ರ (ಇಂಗ್ಲಿಷಿಗೆ 160). ಗುಣಿತ, ಒತ್ತು ಎಲ್ಲವೂ ಬೇರೆ ಬೇರೆ ಲೆಕ್ಕ. ಆರಕ್ಷರದ "ಶ್ರೀನಿವಾಸಪುರ" 12 ಸಂಕೇತ ನುಂಗುತ್ತದೆ. ಒಂದು ನೀರಿನ ಸಂದೇಶಕ್ಕೆ ಮೂರು ನಾಲ್ಕು ಎಸ್ಸೆಮ್ಮೆಸ್ ಖರ್ಚು. ಸಗಟು ಎಸ್ಸೆಮ್ಮೆಸ್ ಕಳಿಸಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದಂತೆ ಕಳಿಸುವವರ ಹೆಸರು, ಸಂದೇಶದ ನಮೂನೆ ಎರಡನ್ನೂ ಮೊದಲೇ ನೋಂದಾಯಿಸಬೇಕು. ಪುರಸಭೆಗಳು ಮಾಡಬಹುದು. ಪಂಚಾಯಿತಿಗೆ ಕಸದ ಗಾಡಿಯ ಮೈಕೇ ಅಗ್ಗ. ಚಾನೆಲ್‌ಗೆ ಹಾಕಿದ ಧ್ವನಿಯನ್ನೇ ಪೆನ್‌ಡ್ರೈವ್‌ಗೆ ಇಳಿಸಿ ಗಾಡಿಗೆ ಕೊಡಿ.

ಎಷ್ಟು ಹೊತ್ತಿಗೆ ಹಾಕಿದರೆ ಜನ ನೋಡುತ್ತಾರೆ?

ಡೈರಿಗೆ ಹಾಲು ಹಾಕಿ ಮನೆಗೆ ಬಂದ ಮೇಲೆ: ಬೆಳಿಗ್ಗೆ ಏಳೂವರೆಯಿಂದ ಎಂಟೂವರೆ, ಸಂಜೆ ಏಳರಿಂದ ಎಂಟೂವರೆ. ದಿನಕ್ಕೆ ಎರಡು ಸಂದೇಶ ಮೀರಬೇಡಿ. ಮೀರಿದರೆ ಜನ ಚಾನೆಲ್‌ನ ಸದ್ದು ಅಡಗಿಸುತ್ತಾರೆ, ಆಮೇಲೆ ನಿಜವಾದ ತುರ್ತು ಸಂದೇಶವೂ ಸದ್ದಿಲ್ಲದೆ ಬಿದ್ದಿರುತ್ತದೆ.

ದೂರು ಬಂದರೆ ಹೇಗೆ ನಿಭಾಯಿಸುವುದು?

ಬಹಳಷ್ಟು ಕಡೆ ಎಡವುವುದು ಇಲ್ಲೇ. ಸಂದೇಶ ಬಂತು, "ಓಕೆ ಸರ್" ಎಂದು ಹೋಯಿತು, ಕೆಳಗೆ ಇನ್ನೂ ನಲವತ್ತು ಚಾಟ್ ಬಂದು ಕೂತವು, ಅದು ಮರೆತೇ ಹೋಯಿತು. ವಾಟ್ಸಾಪ್ ಬಂದರೂ ರಿಜಿಸ್ಟರ್ ಬಿಡುವಂತಿಲ್ಲ.

ದೂರು ಬಂದ ಕೂಡಲೇ ಮೂರು ವಿಷಯ ಕೇಳುವ ಸಿದ್ಧ ಉತ್ತರ ಹೋಗಲಿ: ಯಾವ ಬೀದಿ ಮತ್ತು ಹತ್ತಿರದ ಗುರುತು, ಒಂದು ಫೋಟೊ, ಎಷ್ಟು ದಿನದಿಂದ. ಬೀದಿದೀಪವಾದರೆ ಕಂಬದ ನಂಬರ್ ಕೇಳಿ, ಕಂಬಕ್ಕೆ ಬರೆದಿದ್ದರೆ ಹುಡುಕುವ ಕೆಲಸವೇ ಇಲ್ಲ. ನಂತರ ನೋಟ್‌ಬುಕ್ಕಿನಲ್ಲೋ ಎಕ್ಸೆಲ್‌ನಲ್ಲೋ ಏಳು ಕಲಂ: ಕ್ರಮಸಂಖ್ಯೆ, ತಾರೀಖು, ಜಾಗ, ವಿಷಯ, ಯಾರಿಗೆ ವಹಿಸಿದೆ, ಮುಗಿದ ತಾರೀಖು, ದೂರುದಾರರಿಗೆ ತಿಳಿಸಿದ ತಾರೀಖು. ಕ್ರಮಸಂಖ್ಯೆಯನ್ನು ಅವರಿಗೂ ಕಳಿಸಿ. ಕೊನೆಯ ಕಲಂ ಖಾಲಿ ಇದ್ದರೆ ದೂರು ಮುಗಿದಿಲ್ಲ ಎಂದೇ ಅರ್ಥ. ದೀಪ ಹಾಕಿಸಿ ತಿಳಿಸದಿದ್ದರೆ ದೂರು ಕೊಟ್ಟವರ ಲೆಕ್ಕದಲ್ಲಿ ಏನೂ ಆಗಿಲ್ಲ.

ನಿಮ್ಮದಲ್ಲದ ದೂರನ್ನು "ನಮಗೆ ಸಂಬಂಧಿಸಿಲ್ಲ" ಎಂದು ತಳ್ಳಬೇಡಿ, ದಾರಿ ತೋರಿಸಿ. ಬಲ್ಬು ಪಂಚಾಯಿತಿಯದು, ಜೋತುಬಿದ್ದ ತಂತಿ ಬೆಸ್ಕಾಂದು: 1912. ಇಲಾಖೆ ಯಾವುದೆಂದೇ ತಿಳಿಯದಿದ್ದರೆ ಜನಸ್ಪಂದನ ಸಹಾಯವಾಣಿ 1902. ಪಟ್ಟಣದವರಿಗೆ ಜನಹಿತ ಆ್ಯಪ್ ಇದೆ, ಗ್ರಾಮ ಪಂಚಾಯಿತಿ ಸೇವೆಗಳಿಗೆ ಪಂಚಮಿತ್ರ ಪೋರ್ಟಲ್ ಇದೆ. ಪ್ರತಿ ಸೋಮವಾರ ಹದಿನೈದು ನಿಮಿಷ ರಿಜಿಸ್ಟರ್ ತೆರೆದು ಏಳು ದಿನ ದಾಟಿದವುಗಳನ್ನು ಓದಿ ಹೇಳಿ. ನೀರುಗಂಟಿ, ಬಿಲ್ ಕಲೆಕ್ಟರ್ ಇಬ್ಬರೂ ಎದುರಿಗೇ ಇರಲಿ.

ಕಾಮೆಂಟಿನಲ್ಲಿ ಬೈಯುತ್ತಾರೆ. ಅಳಿಸಬಹುದೇ?

"ಪಂಚಾಯಿತಿಯವರು ನಿದ್ದೆ ಹೊಡೀತಿದ್ದಾರೆ" ಎನ್ನುವುದು ಬೈಗುಳವಲ್ಲ, ಒರಟಾದ ದೂರು. ಅದಕ್ಕೆ ಉತ್ತರ ಕೊಡಿ: "ಯಾವ ಬೀದಿ ತಿಳಿಸಿ, ಇವತ್ತೇ ನೋಡುತ್ತೇವೆ." ಜಾತಿ ನಿಂದನೆ, ಹೆಣ್ಣುಮಕ್ಕಳ ಬಗ್ಗೆ ಹೊಲಸು ಮಾತು, ಬೆದರಿಕೆ, ಇನ್ನೊಬ್ಬರ ಫೋನ್ ನಂಬರ್, ಇವನ್ನು ತೆಗೆಯಲೇಬೇಕು. ತೆಗೆಯುವ ಮುಂಚೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಪೊಲೀಸರಿಗೆ ಕೊಡಬೇಕಾಗಿ ಬರಬಹುದು. ಪೇಜಿನ ಸೆಟ್ಟಿಂಗ್ಸ್‌ನಲ್ಲಿ ತಡೆಯಬೇಕಾದ ಪದಗಳ ಪಟ್ಟಿ ಇಡಬಹುದು. ಕನ್ನಡ, ತೆಲುಗು ಬೈಗುಳಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ನಾಲ್ಕೈದು ರೂಪಗಳನ್ನೂ ಸೇರಿಸಿ. ಪಟ್ಟಿ ತಯಾರಿಸಲು ಆಫೀಸಿನಲ್ಲಿ ಸ್ವಯಂಸೇವಕರಿಗೆ ಕೊರತೆ ಇರುವುದಿಲ್ಲ.

ಗ್ರೂಪಿನಲ್ಲಿ ಯಾರೋ ಏನೋ ಹಾಕಿದರೆ ಅಡ್ಮಿನ್ ಮೇಲೆ ಕೇಸ್ ಆಗುತ್ತಾ?

ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಹೊಣೆ ಹೊರಿಸಲಾಗದು ಎಂದು ಬಾಂಬೆ ಹೈಕೋರ್ಟ್ (2021) ಮತ್ತು ಕೇರಳ ಹೈಕೋರ್ಟ್ (2022) ಹೇಳಿವೆ. ಹಾಗಂತ ಕೈಕಟ್ಟಿ ಕೂರುವಂತಿಲ್ಲ. ನೀವು ಸರ್ಕಾರಿ ನೌಕರರು, ಗ್ರೂಪ್ ಕಚೇರಿಯದು. ಸಂದೇಶ ಕಳಿಸುವ ಅಧಿಕಾರ ಅಡ್ಮಿನ್‌ಗಳಿಗೆ ಮಾತ್ರ ಇರುವಂತೆ ಮಾಡಿದರೆ ಈ ಪ್ರಶ್ನೆಯೇ ಬರುವುದಿಲ್ಲ.

ಯಾವುದನ್ನು ಹಾಕಲೇಬಾರದು?

ಫಲಾನುಭವಿಗಳ ಪಟ್ಟಿ ಹಾಕಿ, ತಪ್ಪಿಲ್ಲ. ಆದರೆ ಅದರ ಆಧಾರ್, ಬ್ಯಾಂಕ್ ಖಾತೆ, ಫೋನ್ ನಂಬರಿನ ಕಲಂಗಳನ್ನು ಅಳಿಸಿ ಹಾಕಿ. ಎಕ್ಸೆಲ್‌ನಲ್ಲಿ ಕಲಂ ಮರೆಮಾಡಿ ಕಳಿಸುವುದು ಅಳಿಸಿದಂತಲ್ಲ, ಎರಡು ಕ್ಲಿಕ್ಕಿಗೆ ಯಾರು ಬೇಕಾದರೂ ತೆರೆಯುತ್ತಾರೆ. ಒತ್ತುವರಿ ಬಗ್ಗೆ ದೂರು ಕೊಟ್ಟವರ ಹೆಸರು ಯಾವತ್ತೂ ಹೊರಗೆ ಬರಬಾರದು, ಅವರು ಅದೇ ಬೀದಿಯಲ್ಲಿ ಬದುಕಬೇಕು. ತೆರಿಗೆ ಬಾಕಿ ಇರುವ ಬಡವರ ಫೋಟೊ, ಬಯಲಿಗೆ ಹೋಗುವವರ ಫೋಟೊ ಹಾಕಿ ನಾಚಿಸುವ ಕೆಲಸ ಬೇಡ.

ಗ್ರಾಮಸಭೆ ನೋಟಿಸ್ ವಾಟ್ಸಾಪ್‌ಗೆ ಹಾಕಿದರೆ ಸಾಕಾ?

ಸಾಲದು. ನೋಟಿಸ್ ಬೋರ್ಡ್, ಟಾಂಟಾಂ ಇತ್ಯಾದಿ ನಿಯಮದಲ್ಲಿ ಇರುವುದನ್ನೆಲ್ಲ ಮಾಡಿ, ಇದು ಅದರ ಮೇಲಿನದ್ದು. ನೋಟಿಸಿನ ಜೊತೆ ಹಿಂದಿನ ಸಭೆಯ ತೀರ್ಮಾನಗಳ ಪಟ್ಟಿ ಹಾಕಿ, ಪ್ರತಿಯೊಂದರ ಮುಂದೆ "ಆಗಿದೆ", "ನಡೆಯುತ್ತಿದೆ", "ಆಗಿಲ್ಲ, ಕಾರಣ" ಎಂದು ಬರೆಯಿರಿ. ಮುಜುಗರವಾಗುತ್ತದೆ, ನಿಜ. ಆದರೆ ಸಭೆಗೆ ಜನ ಬರುವುದೂ ಆ ಪಟ್ಟಿ ನೋಡಿಯೇ. ಮಾಹಿತಿ ಹಕ್ಕು ಕಾಯ್ದೆ, 2005ರ ಸೆಕ್ಷನ್ 4 ಯಾರೂ ಅರ್ಜಿ ಹಾಕದೆಯೇ ಪ್ರಕಟಿಸಬೇಕಾದ ಮಾಹಿತಿಯನ್ನು ಪಟ್ಟಿ ಮಾಡಿದೆ.

ತೆರಿಗೆ ಕಟ್ಟಿಸಲು ಕ್ಯೂಆರ್ ಕೋಡ್ ಕಳಿಸಬಹುದೇ?

ಕಚೇರಿ ಖಾತೆಯದ್ದಾದರೆ ಮಾತ್ರ. ಬಿಲ್ ಕಲೆಕ್ಟರ್‌ನ ವೈಯಕ್ತಿಕ ಕ್ಯೂಆರ್ ಬೇಡವೇ ಬೇಡ, ಮನುಷ್ಯ ಎಷ್ಟೇ ಪ್ರಾಮಾಣಿಕನಾದರೂ ಆಡಿಟ್‌ನಲ್ಲಿ ಸಿಕ್ಕಿಬೀಳುವುದು ಅವನೇ. ಕ್ಯೂಆರ್ ಹಾಕಿದಾಗ, ಹಣ ಕಟ್ಟುವವರ ಫೋನಿನಲ್ಲಿ ಕಾಣಬೇಕಾದ ಹೆಸರನ್ನೂ ಬರೆಯಿರಿ: "ಇದೇ ಹೆಸರು ಬಂದರೆ ಮಾತ್ರ ಕಟ್ಟಿ." ಬಿಲ್, ದಂಡದ ನೋಟಿಸ್ ಎಂಬ ಹೆಸರಿನಲ್ಲಿ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್) ಕಳಿಸಿ ಫೋನನ್ನೇ ವಶಕ್ಕೆ ತೆಗೆದುಕೊಳ್ಳುವ ವಂಚನೆ ನಡೆಯುತ್ತಿದೆ. "ಪಂಚಾಯಿತಿ ಎಂದೂ ಎಪಿಕೆ ಕಳಿಸುವುದಿಲ್ಲ, ಒಟಿಪಿ ಕೇಳುವುದಿಲ್ಲ, ಮೋಸವಾದರೆ 1930ಕ್ಕೆ ಫೋನ್ ಮಾಡಿ" ಎಂದು ತಿಂಗಳಿಗೊಮ್ಮೆ ಹಾಕಿ. ಪಟ್ಟಣಗಳಲ್ಲಿ ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟಿದರೆ 5% ರಿಯಾಯಿತಿ ಉಂಟು. ಅದನ್ನು ನೆನಪಿಸಬೇಕಾದ್ದು ಏಪ್ರಿಲ್ 1ಕ್ಕೆ, 29ಕ್ಕಲ್ಲ.

ಕೆರೆ ಒಡೆದಿದೆ ಎಂದು ವಿಡಿಯೊ ಓಡಾಡುತ್ತಿದೆ. ಏನು ಮಾಡಬೇಕು?

2021ರ ನವೆಂಬರ್ ಮಳೆಗೆ ಈ ಎರಡೂ ಜಿಲ್ಲೆಗಳಲ್ಲಿ ವರ್ಷಗಟ್ಟಲೆ ಒಣಗಿದ್ದ ಕೆರೆಗಳು ಕೋಡಿ ಹರಿದವು. ಅಂಥ ವಿಡಿಯೊಗಳಿಗೆ ವಯಸ್ಸಾಗುವುದಿಲ್ಲ, ಮಳೆ ಬಂದಾಗಲೆಲ್ಲ ಮತ್ತೆ ಹೊರಡುತ್ತವೆ. ನೀರುಗಂಟಿಯನ್ನೋ ಸದಸ್ಯರನ್ನೋ ಏರಿಯ ಮೇಲೆ ಕಳಿಸಿ, ಇಪ್ಪತ್ತು ಸೆಕೆಂಡಿನ ವಿಡಿಯೊ ತೆಗೆಸಿ. ದಿನ, ಗಂಟೆ, ಕೆರೆಯ ಹೆಸರನ್ನು ಅವರು ಬಾಯಲ್ಲೇ ಹೇಳಲಿ. ಸುಳ್ಳು ವಿಡಿಯೊವನ್ನು "ಇದು ಸುಳ್ಳು" ಎಂದು ಕೆಂಪಕ್ಷರ ಹೊಡೆದು ಮತ್ತೆ ಹಂಚಬೇಡಿ. ಕೆಂಪಕ್ಷರ ಕತ್ತರಿಸಿ ಹೋಗುತ್ತದೆ, ವಿಡಿಯೊ ಉಳಿಯುತ್ತದೆ. ಕೋಡಿ ನಿಜವಾಗಿ ಹರಿಯುತ್ತಿದ್ದರೆ ಯಾವ ರಸ್ತೆ ಮುಚ್ಚಿದೆ, ಬದಲಿ ದಾರಿ ಯಾವುದು, ಶಾಲೆಯ ಮಕ್ಕಳ ವ್ಯಾನ್ ಯಾವ ಕಡೆಯಿಂದ ಹೋಗಬೇಕು, ಇಷ್ಟು ಮೊದಲು ಹೇಳಿ. ಬಾಗಿನದ ಫೋಟೊ ಆಮೇಲೆ.

ನೀರಿನ ಪರೀಕ್ಷೆಯ ಫಲಿತಾಂಶ ಹಾಕಿದರೆ ಜನ ಗಾಬರಿಯಾಗುವುದಿಲ್ಲವೇ?

ಫ್ಲೋರೈಡ್ ಇದೆ ಎಂಬುದು ಇಲ್ಲಿನವರಿಗೆ ಹೊಸ ಸುದ್ದಿಯಲ್ಲ. ಬೋರ್‌ನ ಜಾಗ, ಪರೀಕ್ಷೆಯ ತಾರೀಖು, ಬಂದ ಅಂಕಿ, ಪಕ್ಕದಲ್ಲಿ ಮಿತಿ: ಲೀಟರಿಗೆ 1 ಮಿಲಿಗ್ರಾಂ ಇರಬೇಕಾದ್ದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ. ಕೆಳಗೆ ಏನು ಮಾಡಬೇಕೆಂದು ಒಂದು ಸಾಲು: "ಈ ಬೋರಿನ ನೀರು ಬಳಕೆಗೆ ಸರಿ, ಕುಡಿಯಲು ಶುದ್ಧ ನೀರಿನ ಘಟಕದಿಂದ ತನ್ನಿ." ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದನ್ನೂ ಸೇರಿಸಿ, ಹೋಗುತ್ತದೆ ಎಂದು ನಂಬಿದವರು ಬಹಳ. ಕೆ.ಸಿ. ವ್ಯಾಲಿ ನೀರಿನ ಬಗ್ಗೆ ಕೇಳಿದರೆ ಅದು ಕೆರೆ ತುಂಬಿಸಿ ಅಂತರ್ಜಲ ಏರಿಸಲು ಬಿಡುವ, ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ನೇರ ಕುಡಿಯಲು ಅಲ್ಲ ಎಂದು ನೇರವಾಗಿ ಹೇಳಿ.

ಅಧ್ಯಕ್ಷರು, ಸದಸ್ಯರು ತಮ್ಮ ಫೋಟೊ ಹಾಕಿ ಅಂತಾರೆ.

ಕೆಲಸದ ಫೋಟೊದಲ್ಲಿ ಅವರಿದ್ದರೆ ಇರಲಿ, ಹುಟ್ಟುಹಬ್ಬದ ಶುಭಾಶಯ ಅವರ ಸ್ವಂತ ಖಾತೆಗೆ ಹೋಗಲಿ. ಚುನಾವಣಾ ನೀತಿ ಸಂಹಿತೆ ಜಾರಿಯಾದ ದಿನ ಕವರ್ ಚಿತ್ರ, ಪಿನ್ ಮಾಡಿದ ಪೋಸ್ಟ್‌ಗಳಿಂದ ರಾಜಕೀಯ ವ್ಯಕ್ತಿಗಳ ಚಿತ್ರ ತೆಗೆಯಬೇಕಾಗುತ್ತದೆ. ಮೊದಲಿಂದಲೂ ಕಚೇರಿ ಕಟ್ಟಡದ ಅಥವಾ ಊರಿನ ಕೆರೆಯ ಚಿತ್ರ ಇಟ್ಟವರಿಗೆ ಆ ದಿನ ಕೆಲಸವೇ ಇರುವುದಿಲ್ಲ. ನೀರು, ಕಸ, ದೀಪದ ಸಂದೇಶಗಳನ್ನು ಆ ಅವಧಿಯಲ್ಲೂ ನಿಲ್ಲಿಸಬೇಕಿಲ್ಲ.

ದುಡ್ಡು ಕೊಟ್ಟು ಲೈಕ್ಸ್ ಹೆಚ್ಚಿಸಿಕೊಡುತ್ತೇವೆ ಎನ್ನುತ್ತಾರೆ. ಕೊಡಬಹುದೇ?

ಬೇಡ. ಹಾಗೆ ಬಂದ ಲೈಕುಗಳು ನಿಮ್ಮ ಹೋಬಳಿಯವರದ್ದಾಗಿರುವುದಿಲ್ಲ. ಎಣಿಸಲೇಬೇಕಿದ್ದರೆ ಎರಡನ್ನು ಎಣಿಸಿ: ದೂರು ಬಂದ ದಿನದಿಂದ ಮುಗಿದ ದಿನದವರೆಗೆ ಸರಾಸರಿ ಎಷ್ಟು ದಿನ, ಮತ್ತು ನೀರು ನಿಂತ ದಿನ ನೀರುಗಂಟಿಗೆ ಎಷ್ಟು ಫೋನ್ ಬಂದವು. ಎರಡನೆಯ ಲೆಕ್ಕ ಅವನ ಕಾಲ್ ಲಿಸ್ಟಿನಲ್ಲೇ ಇರುತ್ತದೆ.